ಶಿಲಾರಂಜಕ: ಬೈಲುಗದ್ದೆಗೆ ಹಿತ, ಎರೆಭೂಮಿಗೆ ವ್ಯರ್ಥ

ಚಡಚಣ: ಬಿತ್ತನೆಯ ಹೊತ್ತಿಗೆ ಡಿಎಪಿ ದೊರೆಯುವುದೇ ಎಂಬ ಆತಂಕ ರಾಜ್ಯದ ರೈತರಿಗೆ ಹೊಸದಲ್ಲ. ರಂಜಕಕ್ಕಾಗಿ ದೇಶ ಬಹುಪಾಲು ಆಮದನ್ನೇ ಅವಲಂಬಿಸಿದೆ. ಅಂತರರಾಷ್ಟ್ರೀಯ ಬೆಲೆ ಏರಿದಾಗ, 2021ರ ಮೇನಲ್ಲಿ ಕೇಂದ್ರವು ಡಿಎಪಿ ಚೀಲವೊಂದರ ಸಬ್ಸಿಡಿಯನ್ನು 500 ರೂಪಾಯಿಯಿಂದ 1,200 ರೂಪಾಯಿಗೆ ಹೆಚ್ಚಿಸಬೇಕಾಯಿತು. ಅದೇ ವರ್ಷ ದೇಶೀಯ ಶಿಲಾರಂಜಕದ ಗಣಿಗಾರಿಕೆ ವಿಸ್ತರಿಸುವ ಯೋಜನೆಯನ್ನೂ ಪ್ರಕಟಿಸಿತು. ರಾಜಸ್ಥಾನದ ಉದಯಪುರ ಸಮೀಪದ ಝಾಮರ್‌ಕೋಟ್ರಾ ಇದರ ಪ್ರಮುಖ ನೆಲೆ.

ಈ ಕಲ್ಲಿನ ಪುಡಿಯನ್ನು ನೇರವಾಗಿ ಹೊಲಕ್ಕೆ ಹಾಕಬಹುದೇ? ಉತ್ತರ ಮಣ್ಣಿನಲ್ಲಿದೆ. ಶಿಲಾರಂಜಕ ಕರಗಲು ಆಮ್ಲೀಯತೆ ಬೇಕು. ಕರಾವಳಿ, ಮಲೆನಾಡಿನ ಭತ್ತದ ಬೈಲುಗಳಲ್ಲಿ ಅದು ಧಾರಾಳವಾಗಿದೆ. ಆದರೆ ಗದ್ದೆಯಲ್ಲಿ ನೀರು ನಿಂತೊಡನೆ ಹುಳಿ ಮಣ್ಣು ತಟಸ್ಥತೆಯತ್ತ ಸರಿಯುತ್ತದೆ. ಆದ್ದರಿಂದ ನೀರು ನಿಲ್ಲಿಸುವ ಎರಡು-ಮೂರು ವಾರ ಮೊದಲೇ ಪುಡಿಯನ್ನು ಮಣ್ಣಿಗೆ ಬೆರೆಸುವುದು ಒಳಿತು. ಫಲ ನಿಧಾನ; ಆದರೆ ಶೇಷಾಂಶ ಮುಂದಿನ ಬೆಳೆಗೂ ಒದಗುತ್ತದೆ.

ಚಡಚಣ, ಇಂಡಿ ಭಾಗದ ಎರೆಭೂಮಿಯ ಕಥೆಯೇ ಬೇರೆ. ಸುಣ್ಣದಂಶ ಹೆಚ್ಚಿರುವ ಈ ಕ್ಷಾರೀಯ ನೆಲದಲ್ಲಿ ಅದೇ ಪುಡಿ ಕರಗದೆ ಉಳಿಯುತ್ತದೆ. ಇಲ್ಲಿನ ಜೋಳ, ತೊಗರಿಗೆ ನೀರಿನಲ್ಲಿ ಕರಗುವ ರಂಜಕವೇ ಬೇಕು. ಡಿಎಪಿ ಸಿಗದಿದ್ದರೆ ಸೂಪರ್ ಫಾಸ್ಫೇಟ್ ಪರ್ಯಾಯವಾದೀತು, ಕಲ್ಲಿನ ಪುಡಿಯಲ್ಲ.

ಹೀಗಾಗಿ 'ಸ್ವದೇಶಿ' ಎಂಬ ಒಂದೇ ಕಾರಣಕ್ಕೆ ರಾಜ್ಯಕ್ಕೆಲ್ಲ ಒಂದೇ ಶಿಫಾರಸು ಸಲ್ಲದು. ಹುಳಿ ಮಣ್ಣಿನ ಗದ್ದೆಗಳು ಶಿಲಾರಂಜಕಕ್ಕೆ ಹೊರಳಿದಷ್ಟೂ ಬಯಲುಸೀಮೆಗೆ ಡಿಎಪಿ ಉಳಿಯುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್‌ಗಳಲ್ಲಿ ರಸಸಾರದ ವಿವರವಿದೆ. ಗೊಬ್ಬರದ ಹಂಚಿಕೆ ಅದನ್ನು ಓದಿಕೊಂಡು ನಡೆಯಬೇಕಷ್ಟೆ.