ಮಂಡ್ಯದ ಉಮೇದುವಾರರು ದಿಲ್ಲಿಯ ವಿಷಯದಲ್ಲಿ ಏನೆನ್ನುವರು?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮತದಾತರು ಲೋಕಸಭೆಗೆ ಪ್ರತಿನಿಧಿಯನ್ನು ಆರಿಸುವ ಕೆಲಸದಲ್ಲಿ ಬೇಸರಪಟ್ಟವರೆಂದು ಯಾರೂ ಹೇಳಲಾರರು. 2009ರಿಂದ 2024ರವರೆಗಿನ ಹದಿನೈದು ವರ್ಷಗಳಲ್ಲಿ ಮಂಡ್ಯ ಕ್ಷೇತ್ರದವರು ಲೋಕಸಭೆಗೆಂದೇ ಆರು ಸಲ ಮತಕಟ್ಟೆಗೆ ನಡೆದರು. ನಾಲ್ಕು ಸಲ ದೇಶಕ್ಕೆಲ್ಲ ಬಂದ ಚುನಾವಣೆ. ಉಳಿದೆರಡು ಸಲ ನಮಗೆ ಮಾತ್ರ ಒದಗಿದ ಉಪಚುನಾವಣೆ. ಅವೆರಡಕ್ಕೂ ಕಾರಣವೊಂದೇ. 2009ರಲ್ಲಿ ಗೆದ್ದ ಶ್ರೀ ಎನ್. ಚಲುವರಾಯಸ್ವಾಮಿಯವರು 2013ರಲ್ಲಿ ನಾಗಮಂಗಲದಿಂದ ವಿಧಾನಸಭೆಗೆ ಆರಿಸಿಬಂದು ದಿಲ್ಲಿಯ ಸ್ಥಾನವನ್ನು ತೆರವು ಮಾಡಿದರು. 2014ರಲ್ಲಿ ಗೆದ್ದ ಶ್ರೀ ಸಿ. ಎಸ್. ಪುಟ್ಟರಾಜುರವರು 2018ರಲ್ಲಿ, ಪಾಂಡವಪುರವನ್ನೊಳಗೊಂಡ ಮೇಲುಕೋಟೆ ಕ್ಷೇತ್ರದಿಂದ ಆರಿಸಿಬಂದು ಅದನ್ನೇ ಮಾಡಿದರು. ಇದರಲ್ಲಿ ಕಾಯಿದೆಗೆ ವಿರುದ್ಧವಾದುದೇನೂ ಇಲ್ಲ, ಅವರಿಬ್ಬರನ್ನು ದೂರುವುದು ನಮ್ಮ ಉದ್ದೇಶವೂ ಅಲ್ಲ, ಕರೆದವರು ಮತದಾತರೇ. ಆದರೆ ದಿಲ್ಲಿಯೆಂದರೆ ಛತ್ರ, ಬೆಂಗಳೂರೆಂದರೆ ಮನೆ ಎಂಬ ಭಾವನೆ ನಮ್ಮವರಲ್ಲಿ ಎಷ್ಟು ಬೇರೂರಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಭಾವನೆಗೆ ತಕ್ಕಂತೆ ಪ್ರಚಾರವೂ ನಡೆಯುತ್ತದೆ. 2019ರಲ್ಲಿ ಇಡೀ ದೇಶವೇ ಮಂಡ್ಯದ ಕಡೆ ಮುಖ ಮಾಡಿ ನಿಂತಿತ್ತು. ಒಂದು ಕಡೆ ದಿವಂಗತ ಅಂಬರೀಶರ ಪತ್ನಿ ಶ್ರೀಮತಿ ಸುಮಲತಾರವರು, ಇನ್ನೊಂದು ಕಡೆ ಅಂದಿನ ಮುಖ್ಯಮಂತ್ರಿಗಳ ಪುತ್ರರು. ಸ್ವಾಭಿಮಾನದ ಮಾತು, ಸೊಸೆಯ ಮಾತು, ಜೋಡೆತ್ತಿನ ಮಾತು ಊರೂರ ಅರಳಿಕಟ್ಟೆಗಳಲ್ಲಿ ತುಂಬಿಹೋದವು. ಪಕ್ಷೇತರರಾಗಿ ನಿಂತ ಸುಮಲತಾರವರು 1,25,876 ಮತಗಳ ಅಂತರದಿಂದ ಗೆದ್ದರು. ಅವರ ಗುರುತು ಕಹಳೆಯೂದುತ್ತಿರುವ ರೈತ. ಕಹಳೆಯಿಂದ ದಿಲ್ಲಿಗೆ ಕೇಳಬೇಕಾದ ಮಾತು ಯಾವುದೆಂದು ಅಂದು ಎಷ್ಟು ಜನ ಕೇಳಿದರೋ! 2024ರಲ್ಲಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ಕಾಂಗ್ರೆಸ್ಸಿನ ಶ್ರೀ ವೆಂಕಟರಮಣೇಗೌಡರ ಎದುರಿನಲ್ಲಿ 2,84,620 ಮತಗಳ ಅಂತರದಿಂದ ಗೆದ್ದು, ಕೇಂದ್ರದಲ್ಲಿ ಬೃಹತ್ ಕೈಗಾರಿಕೆ ಮತ್ತು ಉಕ್ಕಿನ ಮಂತ್ರಿಗಳಾದರು. ಮಂತ್ರಿಪದವಿ ಜಿಲ್ಲೆಗೆ ಗೌರವವೇ ಸರಿ. ಆದರೆ ಉಮೇದುವಾರರು ದೇಶದ ನೀತಿಯ ವಿಷಯದಲ್ಲಿ ಯಾವ ಯಾವ ಅಭಿಪ್ರಾಯಗಳನ್ನು ತಳೆದಿದ್ದಾರೆಂದು ಮತ ಕೊಡುವ ಮುನ್ನ ತಿಳಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಹುಟ್ಟಬೇಕಾಗಿದೆ.

ದೇಶದ ನೀತಿಯೆಂದರೆ ಪರದೇಶದ ವ್ಯವಹಾರ, ಸೈನ್ಯ, ನಾಣ್ಯ, ಅದು ದೊಡ್ಡವರ ಮಾತು, ನಮಗೇಕೆ ಎನ್ನುವವರು ಕಾಲುವೆಯ ತೂಬಿನ ಬಳಿ ಹೋಗಿ ನಿಲ್ಲಲಿ. ಕೃಷ್ಣರಾಜಸಾಗರ ಇರುವುದು ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿಯಲ್ಲಿ. ಅದರ ಕೀಲಿ ಅಲ್ಲಿಲ್ಲ. 1924ರ ಒಪ್ಪಂದಕ್ಕೆ ಮೈಸೂರೂ ಮದರಾಸೂ ರುಜು ಹಾಕಿದಾಗ ವಿರಿಜಾ ನಾಲೆಯ ಗದ್ದೆಯವನನ್ನಾಗಲಿ ಬಂಗಾರದೊಡ್ಡಿ ನಾಲೆಯ ಗದ್ದೆಯವನನ್ನಾಗಲಿ ಯಾರೂ ಕೇಳಲಿಲ್ಲ. ಕೇಳುವ ಕಾಲವೂ ಅದಲ್ಲ. ಆದರೆ 1956ರ ಅಂತರರಾಜ್ಯ ನದೀಜಲ ವಿವಾದಗಳ ಕಾಯಿದೆಯನ್ನು ಮಾಡಿದ್ದು ನಾವು ಆರಿಸಿ ಕಳುಹಿಸಿದ ಪಾರ್ಲಿಮೆಂಟು. ಆ ಕಾಯಿದೆಯಂತೆ 1990ರಲ್ಲಿ ನ್ಯಾಯಮಂಡಳಿ ಕುಳಿತಿತು. 2007ರಲ್ಲಿ ಕರ್ನಾಟಕಕ್ಕೆ 270 ಟಿ.ಎಂ.ಸಿ., ತಮಿಳುನಾಡಿಗೆ 419 ಟಿ.ಎಂ.ಸಿ. ಎಂದು ತೀರ್ಪಿತ್ತಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ನಮ್ಮ ಪಾಲಿಗೆ 14.75 ಟಿ.ಎಂ.ಸಿ.ಯನ್ನು ಸೇರಿಸಿ, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು 192ರಿಂದ 177.25ಕ್ಕೆ ಇಳಿಸಿತು. ಅದೇ ವರ್ಷ ದಿಲ್ಲಿಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ಸ್ಥಾಪಿತವಾಯಿತು.

ಇವೆಲ್ಲ ಮಳೆ ಬಂದ ವರ್ಷದ ಲೆಕ್ಕ. ಮಳೆ ಬಾರದ ವರ್ಷದ ಲೆಕ್ಕವೇನು? ಅದನ್ನು ಯಾರೂ ನಿಖರವಾಗಿ ಬರೆದಿಟ್ಟಿಲ್ಲ. ಎಲ್ಲ ಸಂಕಟದ ಮೂಲವೂ ಇಲ್ಲೇ ಇದೆ. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯ ತುಂಬದಿದ್ದಾಗ, ದಿನಕ್ಕೆ 5,000 ಕ್ಯೂಸೆಕ್ಸಿನಂತೆ ಹದಿನೈದು ದಿನ ನೀರು ಬಿಡಿರೆಂದು ಮೇಲಿಂದ ಮೇಲೆ ಆಜ್ಞೆ ಬಂತು. ಸೆಪ್ಟೆಂಬರ್ 21ರಂದು ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈಹಾಕಲೊಪ್ಪಲಿಲ್ಲ. 23ರಂದು ಮಂಡ್ಯ ಬಂದ್, 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಅಂಗಡಿಯ ಬಾಗಿಲು ಮುಚ್ಚಿದ್ದರಿಂದ ಒಂದು ಗುಂಟೆಯ ಕಬ್ಬೂ ನನೆಯಲಿಲ್ಲ. ಮುಂದೆ 2024ರಲ್ಲಿಯೂ 2025ರಲ್ಲಿಯೂ ಅಣೆಕಟ್ಟು ತುಂಬಿತು, ಬಾಗಿನವಾಯಿತು, ಎಲ್ಲರೂ ಮರೆತೆವು. ತುಂಬಿದ ವರ್ಷ ಬಾಗಿನ, ಬತ್ತಿದ ವರ್ಷ ಬಂದ್: ಇದು ನಮ್ಮ ಜಲನೀತಿ!

ಹಾಗಾದರೆ ಉಮೇದುವಾರರನ್ನು ಕೇಳಬೇಕಾದುದೇನು? "ನೀವು ಕಾವೇರಿಯ ಪರವೋ?" ಎಂದು ಕೇಳಿದರೆ ಇಲ್ಲವೆನ್ನುವವರು ಈ ಸೀಮೆಯಲ್ಲಿ ಹುಟ್ಟಿಲ್ಲ. ಕೇಳಬೇಕಾದುದು ಇದು: ಬರಗಾಲದ ಕೊರತೆಯನ್ನು ಹಂಚುವ ಸಂಕಷ್ಟ ಸೂತ್ರ ಹೇಗಿರಬೇಕೆಂದು ನಿಮ್ಮ ಅಭಿಪ್ರಾಯ? ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು ಉಳಿದುದನ್ನು ಹಂಚಬೇಕೋ, ಒಳಹರಿವು ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಎಲ್ಲವನ್ನೂ ಕಡಿಮೆ ಮಾಡಬೇಕೋ? ತಮಿಳುನಾಡಿಗೆ ಹಿಂಗಾರಿನಲ್ಲಿ ಬೀಳುವ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ? ಒಂದೊಂದು ವಿವಾದಕ್ಕೆ ಒಂದೊಂದು ಮಂಡಳಿಯನ್ನು ಬಿಟ್ಟು ದೇಶಕ್ಕೆಲ್ಲ ಒಂದೇ ಖಾಯಂ ನ್ಯಾಯಮಂಡಳಿ ಇರಬೇಕೆಂಬ ಮಸೂದೆಯನ್ನು 2019ರ ಜುಲೈ 31ರಂದು ಲೋಕಸಭೆ ಅಂಗೀಕರಿಸಿತು. ಅದು ನಮಗೆ ಹಿತವೋ ಅಹಿತವೋ? ಹದಿನೇಳು ವರ್ಷ ನ್ಯಾಯಮಂಡಳಿಯ ಬಾಗಿಲು ಕಾದ ಜಿಲ್ಲೆಯಲ್ಲಿ ಇದು ಮನೆಮನೆಯ ಮಾತಾಗಬೇಕಾಗಿತ್ತು.

2007ರ ತೀರ್ಪಿಗೆ ಅಸಮಾಧಾನಗೊಂಡು ಅಂಬರೀಶರು ಕೇಂದ್ರದ ರಾಜ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅದು ಮಾನವಂತರ ಕೆಲಸ. ಆದರೂ ನಮಗನ್ನಿಸುವುದನ್ನು ಹೇಳಿಬಿಡುತ್ತೇವೆ: ತೀರ್ಪಾದ ಮೇಲಿನ ರಾಜೀನಾಮೆಗಿಂತ ತೀರ್ಪಿಗೆ ಮುಂಚಿನ ಹದಿನೇಳು ವರ್ಷಗಳಲ್ಲಿ ನಮ್ಮ ಪ್ರತಿನಿಧಿಗಳೆಲ್ಲರೂ ಕೇಳಬಹುದಾಗಿದ್ದ ಪ್ರಶ್ನೆಗಳು ಹೆಚ್ಚು ಬೆಲೆಯುಳ್ಳವು.

ಮೇಕೆದಾಟಿನ ವಿಷಯದಲ್ಲಿ ರಾಷ್ಟ್ರೀಯ ಪಕ್ಷಗಳೆರಡಕ್ಕೂ ಎರಡೆರಡು ನಾಲಗೆ. 67.16 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಈ ಯೋಜನೆಗಾಗಿ ಕಾಂಗ್ರೆಸ್ಸಿನವರು 2022ರ ಜನವರಿಯಲ್ಲಿ ಪಾದಯಾತ್ರೆ ಮಾಡಿದರು. ಇದನ್ನು ವಿರೋಧಿಸುವ ಡಿ.ಎಂ.ಕೆ.ಯೊಡನೆ ಕೂಡಿಯೇ 2024ರಲ್ಲಿ ತಮಿಳುನಾಡಿನಲ್ಲಿ ಮತ ಕೇಳಿದರು. ಬಿ.ಜೆ.ಪಿ.ಯವರು ಬೆಂಗಳೂರಿನಲ್ಲಿ ಅಧಿಕಾರದಲ್ಲಿದ್ದು ಯೋಜನೆ ಬೇಕೆನ್ನುತ್ತಿದ್ದಾಗಲೇ, 2021ರ ಆಗಸ್ಟಿನಲ್ಲಿ ಅವರದೇ ಪಕ್ಷದ ತಮಿಳುನಾಡಿನ ಅಧ್ಯಕ್ಷರಾಗಿದ್ದ ಶ್ರೀ ಅಣ್ಣಾಮಲೈಯವರು ತಂಜಾವೂರಿನಲ್ಲಿ ಅದರ ವಿರುದ್ಧ ಉಪವಾಸ ಕುಳಿತರು. 2025ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಅರ್ಜಿಯು ಅಕಾಲಿಕವೆಂದು ತಳ್ಳಿಹಾಕಿದ ಮೇಲೆ ಮಾತು ಮತ್ತೆ ಕೇಂದ್ರ ಜಲ ಆಯೋಗದ ಮುಂದೆ ಬಂದಿತು. ಇಂತಿರಲು, "ನಿಮ್ಮ ಪಕ್ಷದ ತಮಿಳುನಾಡಿನ ಶಾಖೆಯೂ ಒಪ್ಪಿದೆಯೇ?" ಎಂಬ ಒಂದು ಪ್ರಶ್ನೆಗೆ ಉತ್ತರ ಕೊಡದ ಉಮೇದುವಾರರ ಆಶ್ವಾಸನೆಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ವಾಚಕರೇ ಅಳೆಯಲಿ.

ನೀರಾಯಿತು, ಇನ್ನು ಕಬ್ಬು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ ಖಾಸಗಿಯವರಿಗೆ ನಲವತ್ತು ವರ್ಷದ ಗುತ್ತಿಗೆಗೆ ಹೋದ ಕಥೆ ಎಲ್ಲರಿಗೂ ಗೊತ್ತು. ಅದಕ್ಕಾಗಿ ಬೆಂಗಳೂರಿನ ಸರ್ಕಾರವನ್ನು ಬೈಯುವುದು ರೂಢಿ. ಬೈಗುಳಕ್ಕೆ ಅದು ಅರ್ಹವೂ ಹೌದು. ಆದರೆ ಕಬ್ಬಿನ ಬೆಲೆ ಬೆಂಗಳೂರಿನಲ್ಲಿ ಹುಟ್ಟುವುದಿಲ್ಲ. ನ್ಯಾಯೋಚಿತ ಮತ್ತು ಲಾಭದಾಯಕ ದರವೆಂಬ ಹೆಸರಿನ ಬೆಲೆಯನ್ನು ಪ್ರತಿವರ್ಷ ಗೊತ್ತುಮಾಡುವವರು ಕೇಂದ್ರ ಸರ್ಕಾರದವರು. 2024-25ರ ಹಂಗಾಮಿಗೆ ಕ್ವಿಂಟಾಲಿಗೆ 340 ರೂಪಾಯಿ ಎಂದು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂತು. ಅದು ನೂರಕ್ಕೆ 10.25 ಸಕ್ಕರೆ ಇಳುವರಿ ಕೊಡುವ ಕಬ್ಬಿಗೆ. ಇಳುವರಿ 9.5ಕ್ಕಿಂತ ಕಡಿಮೆಯಾದರೆ 315 ರೂಪಾಯಿ 10 ಪೈಸೆ. ಬೆಳಗಾವಿ ಸೀಮೆಯ ಕಬ್ಬಿನಷ್ಟು ಸಕ್ಕರೆಯನ್ನು ನಮ್ಮ ಕಾಲುವೆಯ ಕಬ್ಬು ಕೊಡದೆಂಬುದು ಹೊಲದಲ್ಲಿ ನಿಂತವರಿಗೆಲ್ಲ ಗೊತ್ತಿದೆ. ಟನ್ನಿಗೆ 249 ರೂಪಾಯಿಯ ವ್ಯತ್ಯಾಸ. ಎಕರೆಗೆ ನಲವತ್ತು ಟನ್ನೆಂದರೂ ಹತ್ತು ಸಾವಿರಕ್ಕೆ ನಲವತ್ತು ರೂಪಾಯಿ ಕಡಿಮೆ. ಒಬ್ಬ ಮಗಳನ್ನು ಒಂದು ವರ್ಷ ಕಾಲೇಜಿನಲ್ಲಿ ಓದಿಸುವ ಹಣವು ಇಳುವರಿಯ ಈ ಒಂದು ಅಂಕೆಯೊಳಗೆ ಅಡಗಿದೆ. ಕಡಿದ ಕೂಲಿಯೂ ಸಾಗಣೆಯ ಬಾಡಿಗೆಯೂ ಇನ್ನೂ ಕಳೆಯಬೇಕು.

ಇದಕ್ಕಿಂತ ಹೆಚ್ಚಿನ ಮಾತೊಂದಿದೆ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಒಪ್ಪಿಸಿದ ಹದಿನಾಲ್ಕು ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ವರ್ಷಕ್ಕೆ ನೂರಕ್ಕೆ ಹದಿನೈದರಂತೆ ಬಡ್ಡಿ. ಈ ಬಡ್ಡಿಗಾಗಿ ಬರೆಸಿದ ಅರ್ಜಿಗಳನ್ನು ನಾವು ಕಂಡಿದ್ದೇವೆ. ಬಡ್ಡಿ ಕೈಗೆ ಬಂದ ರೈತರನ್ನು ಕಾಣುವುದು ಮಾತ್ರ ಅಪರೂಪ. ಆಜ್ಞೆ ಕೇಂದ್ರದ್ದು. ಅದನ್ನು ಬಿಗಿಮಾಡುವ ಅಧಿಕಾರವೂ ಕೇಂದ್ರದ್ದೇ. ಇನ್ನೊಂದು ಕಡೆ, ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿಗೆ ಏರಿಸಿದವರು ಅದನ್ನು ವರ್ಷಗಟ್ಟಲೆ ಅಲ್ಲಿಯೇ ನಿಲ್ಲಿಸಿದರು. ಕಬ್ಬಿನ ದರ ಏರಿತು, ಸಕ್ಕರೆಯ ದರ ನಿಂತಿತು, ಕಾರ್ಖಾನೆಯವರಿಗೆ ಬಾಕಿ ಇಡಲು ನೆಪ ಸಿಕ್ಕಿತು. ಆದಕಾರಣ ಉಮೇದುವಾರರು ಇಳುವರಿಯ ಆಧಾರವನ್ನು ಕೆಳಗಿಳಿಸಲು ಹೋರಾಡುವರೋ, ಬಾಕಿಯ ಬಡ್ಡಿಯನ್ನು ತಾನಾಗಿ ಸಲ್ಲುವಂತೆ ಮಾಡಿಸುವರೋ, ಅಥವಾ ಪೇಟೆಯ ಗ್ರಾಹಕರಿಗೆ ಸಕ್ಕರೆ ಅಗ್ಗವಾಗಿರಲೆಂಬ ಪಕ್ಷದವರೋ ಸ್ಪಷ್ಟವಾಗಿ ಹೇಳಲಿ. ಕೊನೆಯದನ್ನೂ ಧೈರ್ಯವಾಗಿ ಹೇಳಿದವರನ್ನು ನಾವು ಗೌರವಿಸುತ್ತೇವೆ.

ನಾಗಮಂಗಲದ ಬೆದ್ದಲಿಗೂ ಕೃಷ್ಣರಾಜಪೇಟೆಯ ತೋಟಕ್ಕೂ ಕಾವೇರಿಯ ಮಾತು ಅರ್ಧ ಮಾತು. ಅಲ್ಲಿನವರ ಕಣ್ಣು ಹೇಮಾವತಿಯ ಕಾಲುವೆಯ ಕೊನೆಯ ಕಡೆಗೆ, ಮತ್ತು ರಾಗಿ, ಕೊಬ್ಬರಿ, ಹಾಲಿನ ಕಡೆಗೆ. ರಾಗಿಗೆ 2025-26ಕ್ಕೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದವರೂ ದಿಲ್ಲಿಯವರೇ, ಕೊಬ್ಬರಿಗೂ ಹಾಗೆಯೇ. ಬೆಂಬಲ ಬೆಲೆಗೆ ಕಾಯಿದೆಯ ಬಲ ಕೊಡುವೆವೆಂದು ಕಾಂಗ್ರೆಸ್ಸಿನವರು 2024ರ ಪ್ರಣಾಳಿಕೆಯಲ್ಲಿ ಬರೆದರು. ಇದಕ್ಕೆ ಹಣವೆಲ್ಲಿಂದ ಬರುತ್ತದೆಂದು ಅವರನ್ನೂ, ಏಕೆ ಕೊಡಬಾರದೆಂದು ಎದುರಿನವರನ್ನೂ ಕೃಷ್ಣರಾಜಪೇಟೆಯ ಸಂತೆಯಲ್ಲಿ ನಿಲ್ಲಿಸಿ ಕೇಳಬೇಕು. ಹಾಲಿನ ಮಾತು ಇನ್ನೂ ದೂರದ್ದೆಂದು ತೋರುತ್ತದೆ. 2019ರ ನವೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಭಾರತವು ಆರ್.ಸಿ.ಇ.ಪಿ. ವಾಣಿಜ್ಯ ಒಪ್ಪಂದದಿಂದ ಹಿಂದೆ ಸರಿಯದಿದ್ದರೆ ನ್ಯೂಜಿಲೆಂಡಿನ ಹಾಲಿನ ಪುಡಿ ನಮ್ಮ ಡೈರಿಯ ಕ್ಯಾನಿನ ಬೆಲೆಯನ್ನು ಇಳಿಸಬಹುದಾಗಿತ್ತು. ಎರಡು ಹಸು ಕಟ್ಟಿದ ಹೆಂಗಸಿಗೆ ಬ್ಯಾಂಕಾಕ್ ಅಷ್ಟು ಹತ್ತಿರ.

ಶ್ರೀರಂಗಪಟ್ಟಣದ ಕೋಟೆಯೊಳಗಿನವರ ಕಷ್ಟ ಬೇರೆ. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆ ಇನ್ನೂರು ಮೀಟರಿನೊಳಗೆ ಅಪ್ಪಣೆಯಿಲ್ಲದೆ ಕೂಡದು ಎಂದು 2010ರಲ್ಲಿ ತಿದ್ದಿದ ಕಾಯಿದೆ ಹೇಳುತ್ತದೆ. ಹೆಜ್ಜೆಗೊಂದು ಸ್ಮಾರಕವಿರುವ ಊರಿನಲ್ಲಿ ಸೋರುವ ಮಾಡಿಗೂ ಅರ್ಜಿ ಹಿಡಿದು ಅಲೆಯಬೇಕು. ಸ್ಮಾರಕ ಉಳಿಯಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಎಲ್ಲಕ್ಕೂ ಒಂದೇ ಅಳತೆ ಏತಕ್ಕೆಂಬುದನ್ನು ಪಾರ್ಲಿಮೆಂಟಿನಲ್ಲಿಯೇ ಕೇಳಬೇಕು. ಅಲ್ಲಿಯ ಜಾಮಿಯಾ ಮಸೀದಿಯ ಸುತ್ತ ಎದ್ದಿರುವ ವಿವಾದದಲ್ಲಿ 1991ರ ಪೂಜಾಸ್ಥಳಗಳ ಕಾಯಿದೆಯನ್ನು ಎತ್ತಿಹಿಡಿಯುವವರು, ಪ್ರಾಚೀನ ಸ್ಮಾರಕಗಳಿಗೆ ಆ ಕಾಯಿದೆಯೇ ವಿನಾಯಿತಿ ಕೊಟ್ಟಿರುವುದನ್ನು ಓದಿಕೊಳ್ಳುವುದೊಳ್ಳೆಯದು. ಕೂಗುವುದಕ್ಕೆ ಎರಡೂ ಕಡೆಗೆ ಜನರುಂಟು. ಆ ಊರಿನ ಶಾಂತಿಗೆ ಯಾವ ತಿದ್ದುಪಡಿ ಬೇಕು, ಯಾವುದು ಬೇಡ ಎಂದು ಹೇಳುವ ಉಮೇದುವಾರರು ಬೇಕಾಗಿದ್ದಾರೆ. ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಳ ವಿಷಯವೂ ಹೀಗೆಯೇ ದಿಲ್ಲಿಯ ಕಾಯಿದೆಗೆ ಬಂದು ನಿಂತಿತು. ಅಣೆಕಟ್ಟಿನ ಸುತ್ತ ಇಪ್ಪತ್ತು ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ತಡೆದಾಗ ಅದಕ್ಕೆ ಬಲವಾಗಿ ಒದಗಿದ್ದು 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ.

ಇಷ್ಟಕ್ಕೂ ಒಂದು ಆಕ್ಷೇಪಣೆ ಬಂದೇ ಬರುತ್ತದೆ. ಉಮೇದುವಾರರ ಅಭಿಪ್ರಾಯವನ್ನು ಕಟ್ಟಿಕೊಂಡು ಮಾಡುವುದೇನು? 1985ರ ಪಕ್ಷಾಂತರ ನಿಷೇಧ ಕಾಯಿದೆಯ ಮೇಲೆ ಪಕ್ಷದ ವಿಪ್ ಹೊರಟರೆ ಕೈ ಎತ್ತಲೇಬೇಕಲ್ಲ? ಹೌದು, ಈ ಆಕ್ಷೇಪಣೆಯಲ್ಲಿ ಬಹಳ ಸತ್ಯವಿದೆ. ಪಕ್ಷೇತರರಿಗೆ ವಿಪ್ ಇಲ್ಲ, ಆದರೆ ಬಲವೂ ಇಲ್ಲ. ಆದರೂ ಪ್ರಶ್ನೋತ್ತರಕ್ಕೆ ವಿಪ್ ಇಲ್ಲ. ಸ್ಥಾಯೀ ಸಮಿತಿಯಲ್ಲಿ ಬಾಯಿ ಕಟ್ಟುವವರಿಲ್ಲ. ಖಾಸಗಿ ಮಸೂದೆ ತರಲು ಅಡ್ಡಿಯಿಲ್ಲ. ಪಕ್ಷದೊಳಗೆ ಹೋರಾಡಲು, "ನಾನು ನನ್ನ ಜನಕ್ಕೆ ಬರೆದುಕೊಟ್ಟಿದ್ದೇನೆ" ಎಂಬ ಮಾತಿಗಿಂತ ಹೆಚ್ಚಿನ ಆಯುಧ ಯಾವುದು? ಬರೆದುಕೊಡದವರ ಕೈಯಲ್ಲಿ ಅದೂ ಇಲ್ಲ. ಕರ್ನಾಟಕದ ಇಪ್ಪತ್ತೆಂಟು ಸ್ಥಾನಗಳ ತೂಕ ಜನಸಂಖ್ಯೆಯ ಹೊಸ ಎಣಿಕೆಯಿಂದ ಕುಗ್ಗಬಹುದೆಂಬ ಭೀತಿ ಹಬ್ಬಿರುವಾಗ, ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು 14ನೆಯ ಹಣಕಾಸು ಆಯೋಗದ 4.713ರಿಂದ 15ನೆಯದರಲ್ಲಿ 3.647ಕ್ಕೆ ಇಳಿದುದನ್ನು ಕಂಡಿರುವಾಗ, ಇರುವ ಒಂದು ಬಾಯಿಯನ್ನಾದರೂ ಸರಿಯಾಗಿ ಬಳಸಬೇಡವೆ?

ಮುಂದಿನ ಲೋಕಸಭಾ ಚುನಾವಣೆಗೆ, ಅವಧಿ ಪೂರ್ತಿಯಾದರೆ, 2029ರವರೆಗೆ ಸಮಯವಿದೆ. ಈಗಿರುವ ಸದಸ್ಯರನ್ನೂ, ಉಮೇದುವಾರರಾಗಬೇಕೆಂದು ಈಗಿನಿಂದಲೇ ಮದುವೆಮನೆಗಳನ್ನು ಸುತ್ತುತ್ತಿರುವವರನ್ನೂ ಇಂದಿನಿಂದಲೇ ಕೇಳಲು ತೊಡಗಬಹುದು. ನಾಲ್ಕು ತಾಲ್ಲೂಕುಗಳ ರೈತಸಂಘಗಳೂ ಹಾಲು ಉತ್ಪಾದಕರ ಸಂಘಗಳೂ ಗ್ರಾಮಸಭೆಗಳೂ ಕೂಡಿ ಏಳೆಂಟು ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಮಾಡಲಿ. ನೀರಿನದು ಮೊದಲು, ಕಬ್ಬಿನದು ಎರಡನೆಯದು, ಉಳಿದವು ಊರಿನವರ ಇಷ್ಟದಂತೆ. ಉತ್ತರ ಬರವಣಿಗೆಯಲ್ಲಿ, ರುಜುವಿನೊಡನೆ ಬರಲಿ. ಬಂದುದನ್ನು ಜಿಲ್ಲೆಯ ಪತ್ರಿಕೆಗಳು ಹೆಸರಿನ ಮುಂದೆ ಹೆಸರಿಟ್ಟು ಅಚ್ಚುಹಾಕಲಿ. ಯಾರಿಂದ ಉತ್ತರ ಬರುವುದಿಲ್ಲವೋ ಅವರ ಹೆಸರಿನ ಕೆಳಗಿನ ಕಲಮನ್ನು ಖಾಲಿಯಾಗಿಯೇ ಅಚ್ಚುಹಾಕಲು ಸಂಪಾದಕರು ಸಂಕೋಚಪಡಬೇಕಾದುದಿಲ್ಲ.