ದ್ಯಾಮವ್ವಗ ಬಣ್ಣ ನಡೀತದ, ಮದುವಿ ಮಂಚಕ್ಕ ಯಾಕ ನಡಿಯಂಗಿಲ್ಲ?

ಹುನಗುಂದ ಕಡೆಯ ಒಂದು ಊರು. ಹೆಸರು ಬೇಡ, ಆ ಹೆಣ್ಣುಮಗಳು ಇನ್ನೂ ಅದೇ ಮನೆಯಲ್ಲಿ ಬಾಳುವೆ ಮಾಡಬೇಕು. ಮಗಳ ಮದುವೆಗೆಂದು ಅಪ್ಪ ತನ್ನ ಅಜ್ಜನ ಕಾಲದ ಸಾಗವಾನಿ ಮಂಚ ಹೊರಗೆ ತೆಗೆದ. ಬಡಿಗೇರರನ್ನು ಕರೆಸಿ ಅಲುಗಾಡುವ ಕಾಲು ಬಿಗಿ ಮಾಡಿಸಿ, ತಿಕ್ಕಿಸಿ, ಬಣ್ಣ ಹಚ್ಚಿಸಿದ. ಸಾಮಾನು ನೋಡಲು ಬಂದ ಗಂಡಿನ ಕಡೆಯ ಹಿರಿಯರೊಬ್ಬರು ಮಂಚದ ಕಾಲನ್ನು ಉಗುರಿನಿಂದ ಕೆರೆದು ನೋಡಿದರು. “ಏನ್ರೀ ಬೀಗರ, ಸೆಕೆಂಡ್ ಹ್ಯಾಂಡ್ ಮಾಲಿಗೆ ಬಣ್ಣ ಬಳದು ನಮ್ಮ ಮನಿಗೆ ಸಾಗಹಾಕ್ತೀರೇನು?” ಅಂದರು. ಅಪ್ಪ ತಲೆ ತಗ್ಗಿಸಿದ. ಮರುವಾರ ಕಂತಿನ ಮೇಲೆ ಹೊಸ ಮಂಚ, ಹೊಸ ಕಪಾಟು ಬಂದವು. ಮೇಲೆ ಮಿರಿಮಿರಿ ಹಾಳೆ, ಒಳಗೆ ಅಂಟು ಹಾಕಿ ಒತ್ತಿದ ಕಟ್ಟಿಗೆ ಪುಡಿ. ಎರಡನೇ ಮಳೆಗಾಲಕ್ಕೆ ಕಪಾಟಿನ ತಳ ನೀರು ಕುಡಿದು ಉಬ್ಬಿತು. ಕಂತು ಮಾತ್ರ ಇನ್ನೂ ಮುಗಿದಿಲ್ಲ.

ಹಳೆಯದಕ್ಕೆ ಬಣ್ಣ ಹಚ್ಚಿದರೆ ಮರ್ಯಾದೆ ಹೋಗುತ್ತದೆ ಎಂದು ನಮಗೆ ಯಾರು ಕಲಿಸಿದರು? ನಮ್ಮ ಎಷ್ಟೋ ಊರುಗಳಲ್ಲಿ ಜಾತ್ರೆಗೆ ಮುಂಚೆ ಕಟ್ಟಿಗೆಯ ದ್ಯಾಮವ್ವನನ್ನು ಬಣ್ಣಕ್ಕೆ ಕೂಡಿಸುತ್ತಾರೆ. ಹೊಸ ಬಣ್ಣ ಹಚ್ಚಿಕೊಂಡು ಬಂದ ತಾಯಿಗೆ ಊರೆಲ್ಲ ಉಡಿ ತುಂಬುತ್ತದೆ. ಅಲ್ಲಿ ಯಾರೂ ಉಗುರಿನಿಂದ ಕೆರೆದು ನೋಡುವುದಿಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಕಟ್ಟಿಗೆಗೆ ಬಣ್ಣ ಹಚ್ಚುವ ಕೆಲಸದಿಂದಲೇ ಹೆಸರಾದವರು. ಆ ಕಲೆಗೆ ಜಿಐ ಮಾನ್ಯತೆಯೂ ಇದೆ. ಇನ್ನು ಇಳಕಲ್ ಸೀರೆ ಹರಿದರೆ ನಮ್ಮ ಅವ್ವಂದಿರು ಕೌದಿ ಹೊಲಿಯುತ್ತಾರೆ. ಅದೇ ಕೌದಿಯಲ್ಲಿ ಬಾಣಂತಿ, ಕೂಸು ಮಲಗುತ್ತವೆ. ಕೌದಿಗೆ ಸೆಕೆಂಡ್ ಹ್ಯಾಂಡ್ ಅಂದವರನ್ನು ನಾವಂತೂ ಕಂಡಿಲ್ಲ.

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳು ಮುಳುಗಡೆಯಾದಾಗ ಗೋಡೆ ಹೊತ್ತು ತರಲಾಗಲಿಲ್ಲ. ಬಿಚ್ಚಿ ತರಲು ಸಾಧ್ಯವಿದ್ದದ್ದು ಬಾಗಿಲು, ಕಂಬ, ತೊಲಿ, ತೊಟ್ಟಿಲು, ಮಂಚ. ನೆಲ ಹೋದವರ ಕೈಯಲ್ಲಿ ಉಳಿದ ಆಸ್ತಿ ಅದು. ಅದನ್ನೇ ಈಗ ಗುಜರಿ ಗಾಡಿಗೆ ತೂಗಿ ಕೊಡುತ್ತಿದ್ದೇವೆ. ಕೊಂಡವರು ಪಾಲಿಶ್ ಮಾಡಿ ‘ಆ್ಯಂಟಿಕ್’ ಅಂತ ಮಾರಿಕೊಳ್ಳುತ್ತಾರೆ.

ಬಣ್ಣದಲ್ಲಿ ಮೋಸ ಇಲ್ಲವೇ ಇಲ್ಲ ಅಂತ ನಾವು ಹೇಳುವುದಿಲ್ಲ. ಒರಲಿ ತಿಂದ ಕಾಲಿಗೆ ಪುಟ್ಟಿ ಮೆತ್ತಿ, ದಪ್ಪ ಬಣ್ಣ ಬಳಿದು ಮಾರುವವರಿದ್ದಾರೆ. ಹಳೇ ಮಂಚ ಕೊಳ್ಳುವಾಗ ಅದನ್ನು ಬೋರಲು ಹಾಕಿಸಿ. ತಳದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಮೆತ್ತಗೆ ಒಳಗೆ ಇಳಿಯಿತೋ, ಬಿಟ್ಟು ಬನ್ನಿ. ಬೆರಳಿನಿಂದ ಬಡಿದಾಗ ಟೊಳ್ಳು ಸಪ್ಪಳ ಬಂದರೂ ಅಷ್ಟೇ.

ಕಟ್ಟಿಗೆ ಗಟ್ಟಿಯಿದ್ದರೆ ಕೆಲಸ ದೊಡ್ಡದಲ್ಲ. ಸೋಡಾ ನೀರಿನಲ್ಲಿ ಜಿಡ್ಡು ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಸ್ಯಾಂಡ್ ಪೇಪರನ್ನು ಮೊದಲು 120, ಆಮೇಲೆ 220 ನಂಬರಿನದು ತಗೊಂಡು ಕಟ್ಟಿಗೆಯ ಎಳೆಯ ಗುಂಟ ತಿಕ್ಕಿ. ತೂತಿಗೆ ಪುಟ್ಟಿ, ಮೇಲೊಂದು ಕೈ ವುಡ್ ಪ್ರೈಮರ್, ಅದು ಒಣಗಿದ ಮೇಲೆ ಎರಡು ಕೈ ತೆಳುವಾದ ಬಣ್ಣ. ಪ್ರೈಮರ್ ಬಿಟ್ಟು ನೇರ ಬಣ್ಣ ಬಳಿದರೆ ಸಿಪ್ಪೆ ಏಳುತ್ತದೆ, ಆಗ ಬೀಗರು ಆಡಿದ್ದೇ ನಿಜವಾಗುತ್ತದೆ! ಸಾಗವಾನಿಯ ಎಳೆ ಚಂದ ಕಾಣುತ್ತಿದ್ದರೆ ಬಣ್ಣವೇ ಬೇಡ, ಬರೀ ಪಾಲಿಶ್ ಸಾಕು.

ತೊಟ್ಟಿಲಿನ ವಿಷಯದಲ್ಲಿ ಮಾತ್ರ ಹುಷಾರು. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ತಿಕ್ಕಬೇಡಿ, ಸುಡಬೇಡಿ. ಒದ್ದೆ ಮಾಡಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮಕ್ಕಳನ್ನು ದೂರ ಕಳಿಸಿ ತಿಕ್ಕಿ. ಕೂಸಿನ ಮಿದುಳಿಗೆ ಸೀಸ ವಿಷ. ಹೊಸ ಡಬ್ಬಿಯ ಮೇಲೆ ಸೀಸದ ಪ್ರಮಾಣ ಬರೆದಿದೆಯೇ ಓದಿ.

ಗಂಡಿನ ಕಡೆಯವರಿಗೂ ಒಂದು ಮಾತು. ಪ್ರೀತಿಯಿಂದ ಕೊಟ್ಟ ಮಂಚ ಬೇರೆ, ‘ಹೊಸದೇ ಬೇಕು’ ಎಂದು ಕೇಳಿ ಪಡೆದ ಮಂಚ ಬೇರೆ. ಕೇಳಿದರೆ ಅದು ವರದಕ್ಷಿಣೆ. 1961ರ ಕಾಯ್ದೆಯಲ್ಲಿ ಬರೀ ಕೇಳಿದ್ದಕ್ಕೇ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಇದೆ. ಹೊಸ ಕಟ್ಟಿಗೆಯ ಆಸೆ ಅಷ್ಟಿದ್ದರೆ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ ಕೂಡುತ್ತದೆ, ಬಾಗಿಲು ಚೌಕಟ್ಟುಗಳ ಸಾಲೇ ಇರುತ್ತದೆ. ರೊಕ್ಕ ನಿಮ್ಮ ಕಿಸೆಯಿಂದ ತೆಗೆಯಿರಿ.

ಆ ಅಜ್ಜನ ಮಂಚ ಈಗ ತವರುಮನೆಯ ಪಡಸಾಲೆಯಲ್ಲಿದೆ. ಮಾತಾಡಲು ಹೋದಾಗ ನಾವು ನಾಲ್ಕು ಮಂದಿ ಅದರ ಮೇಲೇ ಕುಳಿತಿದ್ದೆವು, ಕಿರ್ ಅನ್ನಲಿಲ್ಲ.