‘ಅನ್‌ನೋನ್ ಆರ್ಟಿಸ್ಟ್’ಗೆ ಹೆಸರು ಹುಡುಕುವ ಅಂಗಡಿ

ನಮ್ಮ ಕ್ಲಾಸಿನಲ್ಲಿ ಯಾರ ಇಯರ್‌ಫೋನ್ ಕಿವಿಗಿಟ್ಟುಕೊಂಡರೂ ಹೆಚ್ಚುಕಡಿಮೆ ಅದೇ ಹಾಡು. ಈ ವಾರ ರೀಲ್ಸ್‌ನಲ್ಲಿ ಯಾವುದು ಓಡುತ್ತಿದೆಯೋ ಅದು. ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ, ನಾನೂ ಅವನ್ನೇ ಕೇಳುತ್ತೇನೆ. ಆದರೆ ಕಳೆದ ಬೇಸಿಗೆ ರಜೆಯಿಂದ ನನ್ನ ಫೋನಿಗೆ ಇನ್ನೊಂದು ಬಗೆಯ ಹಾಡುಗಳು ಸೇರಿಕೊಂಡಿವೆ. ಆಫ್ರಿಕಾದ ಸಹಾರಾ ಮರುಭೂಮಿಯ ಅಂಚಿನಲ್ಲಿರುವ ಮಾಲಿ, ನೈಜರ್ ದೇಶಗಳ ತುವಾರೆಗ್ ಜನರ ಗಿಟಾರ್ ಬ್ಯಾಂಡುಗಳು. ಅವರ ತಮಾಶೆಕ್ ಭಾಷೆಯ ಒಂದು ಪದವೂ ನನಗೆ ಬರುವುದಿಲ್ಲ. ಇವರನ್ನು ನನಗೆ ಪರಿಚಯ ಮಾಡಿಸಿದ್ದು ‘ಸಾಹೆಲ್ ಸೌಂಡ್ಸ್’ ಎಂಬ ಒಂದು ಪುಟ್ಟ ರೆಕಾರ್ಡ್ ಲೇಬಲ್. ಹಾಡಿಗಿಂತ ಆ ಲೇಬಲ್ ಮಾಡುವ ಕೆಲಸವೇ ಈಗ ನನ್ನ ತಲೆ ತಿನ್ನುತ್ತಿದೆ.

ಲೇಬಲ್ ಎಂದರೆ ಏನು ಎಂದು ಕೇಳುವವರಿಗೆ ಕಾಮರ್ಸ್ ಭಾಷೆಯಲ್ಲಿ ಹೇಳುತ್ತೇನೆ. ಹಾಡುವವರ ಬಳಿ ಬಂಡವಾಳ ಇರುವುದಿಲ್ಲ. ರೆಕಾರ್ಡಿಂಗ್ ಖರ್ಚು, ಡಿಸ್ಕ್ ಅಚ್ಚು ಹಾಕುವ ಖರ್ಚು, ಅಂಗಡಿಗೆ ತಲುಪಿಸುವ ಖರ್ಚು ಇವನ್ನೆಲ್ಲ ಮೊದಲೇ ಹಾಕಿ, ಮಾರಾಟವಾದ ಮೇಲೆ ಲೆಕ್ಕ ಕೊಡುವ ಸಂಸ್ಥೆ ಲೇಬಲ್. ಜಗತ್ತಿನ ಸಂಗೀತ ವ್ಯಾಪಾರದ ದೊಡ್ಡ ಪಾಲು ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರೇ ಕಂಪನಿಗಳ ಕೈಯಲ್ಲಿದೆ. ಅವುಗಳ ಪಕ್ಕದಲ್ಲಿ ಒಬ್ಬರೋ ಇಬ್ಬರೋ ಕೂತು ನಡೆಸುವ ಸಾವಿರಾರು ಸಣ್ಣ ಲೇಬಲ್‌ಗಳಿವೆ. ಸೂಪರ್ ಮಾರ್ಕೆಟ್ ಪಕ್ಕದ ಕಿರಾಣಿ ಅಂಗಡಿ ಅಂದುಕೊಳ್ಳಿ. ಸಾಹೆಲ್ ಸೌಂಡ್ಸ್ ಅಂಥ ಒಂದು. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಕ್ರಿಸ್ಟೋಫರ್ ಕರ್ಕ್ಲಿ ಎಂಬವರು ಅದನ್ನು ಶುರು ಮಾಡಿದರು.

ಶುರುವಾದ ಬಗೆ ಮಾತ್ರ ನಮಗೆ ದೂರದ್ದಲ್ಲ. ಹದಿನೈದು ವರ್ಷದ ಹಿಂದೆ ಮಾಲಿಯ ಕಿದಾಲ್ ಎಂಬ ಮರುಭೂಮಿ ಪಟ್ಟಣದಲ್ಲಿ ಇಂಟರ್‌ನೆಟ್ ಇದ್ದೂ ಇಲ್ಲದಂತಿತ್ತು. ಆದರೆ ಕೈಯಲ್ಲಿ ಅಗ್ಗದ ಮೊಬೈಲ್ ಇತ್ತು. ಹಾಡುಗಳು ಮೆಮೊರಿ ಕಾರ್ಡಿನಲ್ಲಿ ಇರುತ್ತಿದ್ದವು. ಇಬ್ಬರು ಚಹಾಕ್ಕೆ ಕೂತರೆ ಬ್ಲೂಟೂತ್‌ನಲ್ಲಿ ಹಾಡು ಈ ಫೋನಿನಿಂದ ಆ ಫೋನಿಗೆ ದಾಟುತ್ತಿತ್ತು. ಹೀಗೆ ದಾಟಿ ದಾಟಿ ಒಂದು ಹಾಡು ಸಾವಿರ ಮೈಲಿ ಹೋಗುತ್ತಿತ್ತು. ಹಾಡಿದವರ ಹೆಸರು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗುತ್ತಿತ್ತು.

ನಮ್ಮೂರಲ್ಲೂ ಇದೇ ಇತ್ತಲ್ಲ! ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದ ಕಾಲದ ಕಾರ್ಡೊಂದು ನಮ್ಮ ಭಾಯಿಜಾನ್ ಹತ್ತಿರ ಈಗಲೂ ಇದೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಅದು ಡ್ರಾಯರ್ ಸೇರಿತು. ಕುತೂಹಲಕ್ಕೆ ಹಾಕಿ ನೋಡಿದೆ. ರಾಜ್‌ಕುಮಾರ್, ರಫಿ, ಖವ್ವಾಲಿ ಎಲ್ಲ ಒಂದೇ ಫೋಲ್ಡರಿನಲ್ಲಿ. ‘ಟ್ರ್ಯಾಕ್ 03’, ‘ನ್ಯೂ ಸಾಂಗ್ 7’, ಕೆಳಗೆ ‘ಅನ್‌ನೋನ್ ಆರ್ಟಿಸ್ಟ್’. ರಫಿಯನ್ನು ಯಾರಾದರೂ ಗುರುತಿಸುತ್ತಾರೆ. ಅದೇ ಫೋಲ್ಡರಿನಲ್ಲಿ ಯಾವುದೋ ಉರುಸಿನಲ್ಲಿ ಯಾರೋ ಹಾಡಿದ ಎರಡು ಖವ್ವಾಲಿಗಳಿವೆ, ಎಷ್ಟು ಚೆನ್ನಾಗಿವೆ ಎಂದರೆ ಅಬ್ಬಾ ಅಡುಗೆಮನೆಯಿಂದ ಎದ್ದು ಬಂದರು. ಹಾಡಿದವರು ಯಾರು, ಯಾವ ಊರು, ಬದುಕಿದ್ದಾರಾ ಎಂದು ಹೇಳುವವರು ಯಾರೂ ಇಲ್ಲ.

ಕರ್ಕ್ಲಿ ಕಿದಾಲ್‌ನಲ್ಲಿ ಇಂಥ ಕಾರ್ಡುಗಳಿಂದ ಹಾಡು ಕೂಡಿಸಿದರು. ಅವುಗಳಲ್ಲಿ ಕೆಲವನ್ನು ಆರಿಸಿ 2011ರಲ್ಲಿ ‘ಮ್ಯೂಸಿಕ್ ಫ್ರಮ್ ಸಹಾರನ್ ಸೆಲ್‌ಫೋನ್ಸ್’ ಎಂಬ ಎಲ್‌ಪಿ ರೆಕಾರ್ಡ್ ತಂದರು. ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಬೇರೆಯವರ ಹಾಡನ್ನು ಕಾಪಿ ಮಾಡಿ ಮಾರುವುದು ಯಾರಿಗೂ ಬರುತ್ತದೆ. ಅವರು ಹಾಡುಗಳ ಒಡೆಯರನ್ನು ಹುಡುಕಲು ಹೊರಟರು. ಪರಿಚಯದವರಿಂದ ಪರಿಚಯದವರಿಗೆ ಕೇಳಿ, ಫೋನ್ ನಂಬರ್ ಹಿಡಿದು, ಗಡಿ ದಾಟಿ. ಹೆಸರು ಸಿಕ್ಕಿದರೆ ದುಡ್ಡು ತಲುಪಿಸುವುದಕ್ಕೆ ಒಂದು ವಿಳಾಸ ಸಿಕ್ಕ ಹಾಗೆ.

ಹೀಗೆ ಸಿಕ್ಕವರಲ್ಲಿ ಒಬ್ಬರು ನೈಜರ್‌ನ ಎಮ್ದೂ ಮೊಕ್ತಾರ್. ಮನೆಯವರು ಧಾರ್ಮಿಕರು, ಎಲೆಕ್ಟ್ರಿಕ್ ಗಿಟಾರ್ ಎಂದರೆ ಒಪ್ಪದವರು. ಹಾಗಾಗಿ ಹುಡುಗ ಮರದ ತುಂಡಿಗೆ ಸೈಕಲ್ ಬ್ರೇಕಿನ ತಂತಿ ಕಟ್ಟಿ ತಾನೇ ಗಿಟಾರ್ ಮಾಡಿಕೊಂಡ. (ನಮ್ಮಲ್ಲೂ ಕೆಲವು ಗೆಳೆಯರ ಮನೆಯಲ್ಲಿ ಸಂಗೀತ ಕೇಳುವುದಿಲ್ಲ. ಅದು ಅವರ ನಂಬಿಕೆ, ಅದರ ಬಗ್ಗೆ ವಾದ ಮಾಡುವ ಉದ್ದೇಶ ನನಗಿಲ್ಲ.) 2008ರಲ್ಲಿ ಮೊಕ್ತಾರ್ ಪಕ್ಕದ ನೈಜೀರಿಯಾದ ಸೊಕೊಟೊಗೆ ಹೋಗಿ ಮೊದಲ ಆಲ್ಬಮ್ ರೆಕಾರ್ಡ್ ಮಾಡಿದರು. ಅದು ಅಂಗಡಿಗಳಲ್ಲಿ ಅಲ್ಲ, ಮೆಮೊರಿ ಕಾರ್ಡುಗಳಲ್ಲೇ ಹಬ್ಬಿತು. ಕರ್ಕ್ಲಿ ಅವರನ್ನು ಪತ್ತೆ ಹಚ್ಚಿ, ಮೊಕ್ತಾರ್ ಎಡಗೈಯವರೆಂದು ಎಡಗೈ ಗಿಟಾರ್ ಒಂದನ್ನು ಹೊತ್ತುಕೊಂಡು ನೈಜರ್‌ಗೆ ಹೋದರು. 2015ರಲ್ಲಿ ಇಬ್ಬರೂ ಸೇರಿ ತುವಾರೆಗ್ ಭಾಷೆಯಲ್ಲಿ ಒಂದು ಸಿನಿಮಾ ಮಾಡಿದರು. ಅಮೆರಿಕದ ಗಾಯಕ ಪ್ರಿನ್ಸ್‌ರ ‘ಪರ್ಪಲ್ ರೇನ್’ ಚಿತ್ರವೇ ಅದಕ್ಕೆ ಮಾದರಿ. ಆದರೆ ತಮಾಶೆಕ್‌ನಲ್ಲಿ ‘ಪರ್ಪಲ್’ಗೆ ಪದವಿಲ್ಲ. ಹಾಗಾಗಿ ಸಿನಿಮಾದ ಹೆಸರಿನ ಅರ್ಥ, ‘ಸ್ವಲ್ಪ ಕೆಂಪು ಬೆರೆತ ನೀಲಿ ಬಣ್ಣದ ಮಳೆ’. ನಮ್ಮ ಮನೆಯಲ್ಲಿ ಆ ಬಣ್ಣಕ್ಕೆ ಜಾಮುನಿ ಅನ್ನುತ್ತೇವೆ, ಕಾಲೇಜಿನಲ್ಲಿ ನೇರಳೆ. ಎರಡೂ ಒಂದೇ ಹಣ್ಣು ಎಂದು ಹೊಳೆದು ನಗು ಬಂತು.

ಮೊಕ್ತಾರ್ ಈಗ ಅಷ್ಟೇನೂ ಅಪರಿಚಿತರಲ್ಲ. 2021ರಿಂದ ಮಾಟಾಡೋರ್ ಎಂಬ ದೊಡ್ಡ ಇಂಡಿಪೆಂಡೆಂಟ್ ಲೇಬಲ್ ಅವರ ಆಲ್ಬಮ್ ತರುತ್ತಿದೆ. ಅವರಿಗಿಂತ ನನಗೆ ಇಷ್ಟವಾದದ್ದು ಅದೇ ಸಣ್ಣ ಅಂಗಡಿಯ ಇನ್ನೂ ಒಳಗಿನ ಶೆಲ್ಫು. ಅಗಾದೆಜ್ ಪಟ್ಟಣದ ‘ಎತ್ರಾನ್ ದ ಲಾಯಿರ್’ ಎಂಬ ಬ್ಯಾಂಡ್ ಇದೆ, ಅಣ್ಣತಮ್ಮಂದಿರ ಬ್ಯಾಂಡ್, 1995ರಿಂದ ಮದುವೆಗಳಲ್ಲಿ ಬಾರಿಸುತ್ತಿದ್ದಾರೆ. ಮೊದಮೊದಲು ಇದ್ದದ್ದು ಒಂದೇ ಗಿಟಾರ್. ತಾಳಕ್ಕೆ ಸೋರೆಬುರುಡೆಯ ಮೇಲೆ ಚಪ್ಪಲಿಯಿಂದ ಹೊಡೆಯುತ್ತಿದ್ದರು. ಸಾಮಾನು ಬೆನ್ನಿಗೆ ಹೊತ್ತು 25 ಕಿಲೋಮೀಟರ್ ನಡೆದು ಹೋಗಿ ಪುಕ್ಕಟೆ ಬಾರಿಸಿ ಬಂದದ್ದೂ ಇದೆಯಂತೆ. ಇವರ ಮೊದಲ ರೆಕಾರ್ಡ್ ಬಂದದ್ದು 2018ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷ ಮದುವೆ ಮನೆ ಮುಗಿಸಿದ ಮೇಲೆ. ಅದನ್ನು ಸ್ಟುಡಿಯೋದಲ್ಲಲ್ಲ, ಅವರ ಮನೆಯ ಹೊರಗೆ ಬಯಲಲ್ಲೇ ರೆಕಾರ್ಡ್ ಮಾಡಿದ್ದು. ಮೂರು ಗಿಟಾರ್ ಒಂದರ ಮೇಲೊಂದು ಬಿದ್ದು ಓಡುತ್ತವೆ. ನಮ್ಮ ಬಾರಾತಿನ ಬ್ಯಾಂಡಿನವರು ಮನೆ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಜೋರು ಮಾಡುತ್ತಾರಲ್ಲ, ಆ ಗುಣ ಇದರಲ್ಲಿದೆ.

ಇನ್ನೊಂದು ‘ಲೇ ಫೀ ದ ಇಲ್ಲಿಘಡಾಡ್’. ಇಲ್ಲಿಘಡಾಡ್ ಎಂಬ ಹಳ್ಳಿಯ ಹೆಣ್ಣುಮಕ್ಕಳು ಎಂದು ಅರ್ಥ. ಅದರ ಫಾತೂ ಸೈದಿ ಘಾಲಿ ಅಣ್ಣನ ಗಿಟಾರ್ ತೆಗೆದುಕೊಂಡು ತಾನೇ ಕಲಿತವಳು. ತುವಾರೆಗ್ ಹೆಂಗಸರಲ್ಲಿ ಗಿಟಾರ್ ನುಡಿಸುವವರು ಬೆರಳೆಣಿಕೆಯಷ್ಟು. ಆದರೆ ಇವರ ಹಾಡಿನ ಬೆನ್ನೆಲುಬು ಗಿಟಾರ್ ಅಲ್ಲ, ‘ತೆಂದೆ’ ಎಂಬ ಚರ್ಮವಾದ್ಯ. ಕಾಳು ಕುಟ್ಟುವ ಒರಳಿನ ಬಾಯಿಗೆ ಆಡಿನ ಚರ್ಮ ಬಿಗಿದರೆ ಅದೇ ತೆಂದೆ. ಕೆಲಸ ಮುಗಿದ ಮೇಲೆ ಒರಳು ಮದ್ದಳೆಯಾಗುತ್ತದೆ! ಹೆಂಗಸರು ಸುತ್ತ ಕೂತು ಚಪ್ಪಾಳೆ ತಟ್ಟಿ ಹಾಡುತ್ತಾರೆ.

ಇದನ್ನು ಓದುವಾಗ ನಮ್ಮ ಬೀಸುಕಲ್ಲಿನ ಪದಗಳು ನೆನಪಾಗದೆ ಇರುತ್ತವೆಯೇ? ಉತ್ತರ ಕರ್ನಾಟಕದ ಗೆಳೆಯರಿಗೆ ನಾನು ಹೇಳಬೇಕಾಗಿಲ್ಲ. ಹಳೆಯ ಬಿಜಾಪುರದ ಸೂಫಿಗಳು ದಖನಿಯಲ್ಲಿ ‘ಚಕ್ಕಿನಾಮಾ’ ಎಂಬ ಹಾಡುಗಳನ್ನು ಕಟ್ಟಿದ್ದರು, ಹೆಂಗಸರು ಬೀಸುವಾಗ ಹಾಡಲಿ ಎಂದು. ಒಂದು ಕಡೆ ಒರಳು, ಒಂದು ಕಡೆ ಬೀಸುಕಲ್ಲು. ಗಿರಣಿ ಬಂತು, ಬೀಸುಕಲ್ಲು ಅಟ್ಟ ಸೇರಿತು. ಹಾಡುಗಳು ಎಲ್ಲಿ ಹೋದವು ಎಂದು ಲೆಕ್ಕ ಇಟ್ಟವರು ಕಡಿಮೆ.

ಈಗ ವಾದಕ್ಕೆ ಬರುತ್ತೇನೆ. ಈ ವಿಷಯವನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ಹೇಳಿದಾಗ ನಮ್ಮ ಉಪನ್ಯಾಸಕರೊಬ್ಬರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: ಅಮೆರಿಕದವನೊಬ್ಬ ಬಡ ದೇಶಕ್ಕೆ ಹೋಗಿ ಹಾಡು ತಂದು ಯುರೋಪಿನಲ್ಲಿ ಮಾರಿದರೆ, ಅದು ಈಸ್ಟ್ ಇಂಡಿಯಾ ಕಂಪನಿಗಿಂತ ಹೇಗೆ ಬೇರೆ? ಕಚ್ಚಾ ಸಾಮಗ್ರಿ ಅಲ್ಲಿಂದ, ಸಿದ್ಧ ಸರಕು ಇಲ್ಲಿಗೆ. ನೈಜರ್‌ನ ಆರ್ಲಿಟ್ ಗಣಿಗಳ ಯುರೇನಿಯಂ ದಶಕಗಟ್ಟಲೆ ಫ್ರಾನ್ಸಿನ ಕಂಪನಿಯ ಮೂಲಕ ಹೊರಗೆ ಹೋದದ್ದು ಹೀಗೆಯೇ. ಈ ಅನುಮಾನವನ್ನು ತಳ್ಳಿಹಾಕಬಾರದು. ಲೇಬಲ್ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಅದು ಒಳ್ಳೆಯದು ಎಂದು ನಾನೂ ಒಪ್ಪುವುದಿಲ್ಲ. ಸಣ್ಣ ಅಂಗಡಿಯವನೂ ತೂಕದಲ್ಲಿ ಮೋಸ ಮಾಡಬಹುದು.

ಆದರೆ ಅಕೌಂಟೆನ್ಸಿ ಓದುವವರು ಒಂದು ಸಂಗತಿ ನೋಡಬೇಕು. ದೊಡ್ಡ ಕಂಪನಿಗಳ ಹಳೆಯ ಪದ್ಧತಿಯಲ್ಲಿ ಹಾಡುವವರಿಗೆ ಸಿಗುವುದು ರಾಯಲ್ಟಿ, ಮಾರಾಟದ ಒಂದು ಸಣ್ಣ ಶೇಕಡಾ. ಅದರಿಂದಲೂ ಮುಂಗಡ ಮತ್ತು ರೆಕಾರ್ಡಿಂಗ್ ಖರ್ಚು ಮುರಿದುಕೊಳ್ಳುತ್ತಾರೆ, ಹಾಡಿನ ಹಕ್ಕು ಕಂಪನಿಯದ್ದೇ ಆಗಿರುತ್ತದೆ. ಅನೇಕ ಸಣ್ಣ ಲೇಬಲ್‌ಗಳ ಪದ್ಧತಿ ಬೇರೆ: ಖರ್ಚು ಕಳೆದು ಉಳಿದ ಲಾಭ ಅರ್ಧಕ್ಕರ್ಧ. ನಾವು ಓದುವ 1932ರ ಪಾಲುದಾರಿಕೆ ಕಾಯ್ದೆಯೂ ಇದನ್ನೇ ಹೇಳುತ್ತದಲ್ಲ, ಬೇರೆ ಕರಾರು ಇಲ್ಲದಿದ್ದರೆ ಲಾಭ ಸಮನಾಗಿ ಹಂಚಬೇಕು ಎಂದು. ಅಂದರೆ ಮೊದಲಿನದರಲ್ಲಿ ಕಲಾವಿದ ಸರಬರಾಜುದಾರ, ಎರಡನೆಯದರಲ್ಲಿ ಪಾಲುದಾರ. ಪರೀಕ್ಷೆಯಲ್ಲಿ ಇದು ಎರಡು ಅಂಕದ ಪ್ರಶ್ನೆ, ಅಗಾದೆಜ್‌ನಲ್ಲಿ ಹೊಸ ಆಂಪ್ಲಿಫೈಯರ್ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ.

2020ರಲ್ಲಿ ಸಾಹೆಲ್ ಸೌಂಡ್ಸ್ ಇನ್ನೊಂದು ಕೆಲಸ ಮಾಡಿತು. ಅಲ್ಲಿನ ಕಲಾವಿದರು ತಮ್ಮ ಫೋನಿನಲ್ಲೇ ಹಾಡು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುವುದು, ಲೇಬಲ್ ಅದನ್ನು ಒಂದು ತಿಂಗಳ ಮಟ್ಟಿಗೆ ಮಾತ್ರ ಮಾರಾಟಕ್ಕಿಡುವುದು. ಮೈಕೂ ಇಲ್ಲ, ಸ್ಟುಡಿಯೋವೂ ಇಲ್ಲ, ಹಿಂದೆ ಮೇಕೆ ಕೂಗುವುದೂ ಕೇಳಬಹುದು. ನಾವೆಲ್ಲ ದಿನವೂ ಮಾಡುವುದು ಅದನ್ನೇ, ವಾಟ್ಸಾಪಿನಲ್ಲಿ ಹಾಡು ಕಳಿಸುವುದು. ವ್ಯತ್ಯಾಸ ಇಷ್ಟೇ: ನಮ್ಮದರ ಮೇಲೆ ‘ಫಾರ್ವರ್ಡೆಡ್’ ಎಂದಿರುತ್ತದೆ, ಅವರದರ ಮೇಲೆ ಹಾಡಿದವರ ಹೆಸರಿರುತ್ತದೆ.

ಆಪ್‌ಗಳೂ ಹೊಸ ಹಾಡು ತೋರಿಸುತ್ತವಲ್ಲ ಎಂದು ಗೆಳೆಯ ಕೇಳಿದ. ತೋರಿಸುತ್ತವೆ, ಆದರೆ ಅದು ತೋರಿಸುವುದು ನಾನು ಈಗಾಗಲೇ ಕೇಳಿದ್ದಕ್ಕೆ ಹೋಲುವುದನ್ನು. ಒರಳಿಗೆ ಚರ್ಮ ಕಟ್ಟಿ ಬಾರಿಸುವುದನ್ನು ಒಮ್ಮೆಯೂ ಕೇಳದವನಿಗೆ ಅದನ್ನು ತೋರಿಸಲು ಅದಕ್ಕೆ ಯಾವ ಕಾರಣವೂ ಇಲ್ಲ. ಲೇಬಲ್ ಎಂದರೆ ಒಬ್ಬ ಮನುಷ್ಯ ತನ್ನ ಜೇಬಿನ ದುಡ್ಡು ಹಾಕಿ, ಇದು ಕೇಳಲೇಬೇಕಾದದ್ದು ಎಂದು ಜಾಮೀನು ನಿಂತ ಹಾಗೆ. ಹಾಡು ಓಡದಿದ್ದರೆ ಮಾರಾಟವಾಗದ ಡಿಸ್ಕುಗಳು ಅವನ ಮನೆಯಲ್ಲೇ ಇರುತ್ತವೆ. ಹಾಗಾಗಿ ಒಂದು ಬ್ಯಾಂಡ್ ಹಿಡಿಸಿದರೆ ಅದರ ಲೇಬಲ್ ಯಾವುದು ಎಂದು ನೋಡಿ, ಅದರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಕೇಳುತ್ತಾ ಹೋಗುವುದು ನನ್ನ ಈಗಿನ ದಾರಿ. ಬ್ಯಾಂಡ್‌ಕ್ಯಾಂಪ್ ಎಂಬಲ್ಲಿ ಹೆಚ್ಚಿನವನ್ನು ಪುಕ್ಕಟೆ ಕೇಳಬಹುದು, ಕೊಳ್ಳಬೇಕೆಂದರೆ ಕಾರ್ಡ್ ಬೇಕು, ಅದಕ್ಕೆ ಹದಿನೆಂಟು ತುಂಬಲಿ. ಪಟ್ಟಿಯಲ್ಲಿ ಹೀಗೆ ಇಳಿಯುತ್ತಾ ಮಮ್ಮಾನ್ ಸಾನಿ ಸಿಕ್ಕರು. 1978ರಲ್ಲಿ ನೈಜರ್‌ನಲ್ಲಿ ಎಲೆಕ್ಟ್ರಿಕ್ ಆರ್ಗನ್ ನುಡಿಸಿದವರು. ಆ ಕ್ಯಾಸೆಟ್ 2013ರಲ್ಲಿ ಮತ್ತೆ ಬಂತು. ರಾತ್ರಿ ಲೆಡ್ಜರ್ ಬರೆಯುವಾಗ ಕೇಳಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ನಮ್ಮ ಕಾಲೇಜಿನಲ್ಲಿ ಇನ್ನೂರು ಜನರ ಮನೆಯಲ್ಲಾದರೂ ಮದುವೆಯ ಹಿಂದಿನ ರಾತ್ರಿ ಢೋಲಕ್ ಹಿಡಿದು ದಖನಿ ಹಾಡು ಹೇಳುವ ಅಜ್ಜಿಯೋ ಖಾಲಾಳೋ ಇದ್ದಾರೆ. ಬ್ಯಾರಿ, ಕೊಂಕಣಿ ಗೆಳೆಯರ ಮನೆಗಳಲ್ಲಿ ಬೇರೆ ಹಾಡುಗಳಿವೆ. ಎಲ್ಲವೂ ಮನೆಯ ವಾಟ್ಸಾಪ್ ಗುಂಪುಗಳಲ್ಲಿ ಹೆಸರಿಲ್ಲದೆ ಸುತ್ತುತ್ತಿವೆ. ಲೇಬಲ್ ತೆರೆಯೋಣ ಎಂದು ನಾನು ಹೇಳುತ್ತಿಲ್ಲ, ಬಂಡವಾಳ ಎಲ್ಲಿದೆ! ಫೈಲಿನ ಹೆಸರನ್ನಾದರೂ ಬದಲಿಸಬಹುದು: ಹಾಡಿದವರು, ಊರು, ತಾರೀಖು. ರಂಜಾನ್ ರಜೆಯ ನಂತರ ಕಾಮರ್ಸ್ ಅಸೋಸಿಯೇಷನ್ ಒಂದು ಪೆನ್‌ಡ್ರೈವ್ ಇಟ್ಟರೆ ಲೈಬ್ರರಿಯಲ್ಲಿ ಕೂಡಿಡಬಹುದು ಎಂದು ಅರ್ಜಿ ಕೊಟ್ಟಿದ್ದೇನೆ.

ಒಂದು ತೊಡಕು ಮಾತ್ರ ಈಗಲೇ ಎದುರಾಗಿದೆ. ನಾನಿಯ ಮೂರು ಹಾಡು ರೆಕಾರ್ಡ್ ಮಾಡಿ, ನಿಮ್ಮ ಹೆಸರು ಹಾಕುತ್ತೇನೆ ಎಂದೆ. ಅವರು ಬೇಡ ಅಂದರು. ಹಾಡು ನನ್ನದಲ್ಲ, ನಮ್ಮ ಓಣಿಯ ಹೆಂಗಸರದ್ದು, ಅಷ್ಟು ಜನ ಬಿಟ್ಟು ನನ್ನೊಬ್ಬಳ ಹೆಸರು ಯಾಕೆ ಎಂದರು. ಧ್ವನಿ ಗಂಡಸರ ಫೋನಿಗೆಲ್ಲ ಹೋಗುವುದೂ ಅವರಿಗೆ ಹಿಡಿಸಲಿಲ್ಲ. ಕೇಳದೆ ಹಾಕಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಈಗ ಆ ಫೈಲುಗಳು ಅಮ್ಮಿಯ ಫೋನಿನಲ್ಲಿ ಮಾತ್ರ ಇವೆ, ಓಣಿಯ ಹೆಸರಿನಲ್ಲಿ. ಪೆನ್‌ಡ್ರೈವಿಗೆ ಕೊಡಬಹುದೋ ಇಲ್ಲವೋ ಎಂಬುದನ್ನು ಓಣಿಯಲ್ಲಿ ಉಳಿದಿರುವ ಇನ್ನಿಬ್ಬರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ ನಾನಿ.